ಪದ ಬೇಕು, ನಾಳೆಯೊಳಗೆ: ಕಲ್ಲಿನಂತೆ ಕಾಣುವ ಪೈಪು

ಕಾರವಾರದಿಂದ:
ನಮ್ಮ ಕಾಲೇಜಿನ ಉಪ್ಪುನೀರಿನ ಹವಳದ ತೊಟ್ಟಿಗೆ ಕನ್ನಡ ಫಲಕ ಆಗಬೇಕು. ಪೇಂಟರ್ ನಾಳೆ ಮಧ್ಯಾಹ್ನ ಬರುತ್ತಾರೆ. ತೊಟ್ಟಿಯೊಳಗೆ ಪಿವಿಸಿ ಪೈಪುಗಳು ಬೆಳ್ಳಗೆ ಎದ್ದು ಕಾಣುತ್ತಿದ್ದವು. ಕಲ್ಲುಹವಳ 2001ರಿಂದ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಹಾಗಾಗಿ ನೇತ್ರಾಣಿ ದ್ವೀಪದಿಂದ ಏನಾದರೂ ತಂದು ಅಡ್ಡ ಇಡುವ ಮಾತೇ ಇಲ್ಲ. ಪೈಪನ್ನು ಉಪ್ಪುಕಾಗದದಲ್ಲಿ ತಿಕ್ಕಿ ತರಿ ಮಾಡಿ, ಎಪಾಕ್ಸಿ ಅಂಟಿನ ಎರಡು ಭಾಗ ಕಲಸಿ ಹಚ್ಚಿ, ಹಸಿ ಇರುವಾಗಲೇ ಅರಗೊನೈಟ್ ಎಂಬ ಸುಣ್ಣದ ಮರಳಿನಲ್ಲಿ ಹೊರಳಿಸಿದೆವು. ಪೂರ್ತಿ ಗಟ್ಟಿಯಾದ ಮೇಲೆ ನೀರಿಗಿಳಿಸಿದ್ದು. ಈಗ ಸುಣ್ಣದ ಪಾಚಿ ಹತ್ತಿ ಅಲ್ಲಲ್ಲಿ ನೇರಳೆ ಚುಕ್ಕೆ ಮೂಡಿವೆ, ಉಗುರಲ್ಲಿ ಕೆರೆದರೂ ಬರುವುದಿಲ್ಲ. ಇಂಥ ಪೈಪಿಗೆ ಏನೆನ್ನಲಿ? ‘ಮರೆಮಾಚಿದ’ ಅಂದರೆ ಏನೋ ಹಗರಣದ ಸುದ್ದಿಯಂತಿದೆ. ‘ಛದ್ಮವೇಷ’ ಅಂದರೆ ಶಾಲೆ ಮಕ್ಕಳ ಸ್ಪರ್ಧೆ.

ಶಿರಸಿಯಿಂದ:
ಮೊದಲು ‘ಪೈಪು’ ತೆಗೆಯಿರಿ. ಕೊಳವೆ. ತುಂಬಿದ ನೀರು ಮೇಲಿಂದ ಇಳಿದುಹೋಗುವುದಕ್ಕೆ ‘ಓವರ್‌ಫ್ಲೋ’ ಅಂತ ಬರೆಸಿದ್ದರೆ ಅದನ್ನೂ ಅಳಿಸಿ, ಕೋಡಿ ಅನ್ನಿ. ಕೆರೆ ಕೋಡಿ ಬೀಳುವುದಿಲ್ಲವೇ? ಕೋಡು, ಕೋಡಿ, ಎಲ್ಲ ತುದಿಯೇ. ಕಾಳಿ ಕಡಲು ಸೇರುವಲ್ಲಿನ ನಿಮ್ಮ ಕೋಡಿಬಾಗವೂ ಇದೇ.

ಕುಮಟಾದಿಂದ:
ಕೋಡಿಬಾಗಕ್ಕೆ ಆಧಾರ ಕೊಡಿ, ಇಲ್ಲವಾದರೆ ಬಿಡಿ. ಅವರು ಕೇಳಿದ್ದೇ ಬೇರೆ. ಯಕ್ಷಗಾನದ ಬಣ್ಣದ ವೇಷಕ್ಕೆ ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಸಾಲಾಗಿ ಚಿಟ್ಟಿ ಎಂಬ ಬಿಳಿ ಮುಳ್ಳು ಇಡುತ್ತಾರಲ್ಲ, ಈ ಮರಳು ಮೆತ್ತಿದ್ದೂ ಅದೇ ಕೆಲಸ. ‘ಕಲ್ಲಿನ ವೇಷ ಕಟ್ಟಿದ ಪೈಪು’ ಅನ್ನಿ, ಆಟ ನೋಡಿದ ಯಾರಿಗೂ ತಿಳಿಯುತ್ತದೆ.

ಶಿರಸಿಯಿಂದ:
ಚಿಟ್ಟಿ ತೆಂಕುತಿಟ್ಟಿನವರದು, ವೇಷ ಸಂಸ್ಕೃತದ್ದು. ಅದೂ ಅಲ್ಲದೆ ವೇಷ ಬೆಳಗಾದರೆ ಕಳಚುತ್ತದೆ. ಹೆಪ್ಪುಗಟ್ಟು, ಹರಳುಗಟ್ಟು ಇರುವಾಗ ‘ಕಲ್ಲುಗಟ್ಟಿದ ಕೊಳವೆ’ ಸಾಲದೇ?

ಅಂಕೋಲಾದಿಂದ:
ಸಂಸ್ಕೃತವೂ ಬೇಡ, ಇಂಗ್ಲಿಷೂ ಬೇಡ. ಪೋರ್ಚುಗೀಸರಿಂದ ಬಂದ ಚಾವಿ, ಬಟಾಟೆ ಮಾತ್ರ ದಿನಾ ಬೇಕು! ಕೇಳಿದವರಿಗೆ ನಾಳೆ ಫಲಕ ಬೇಕಾಗಿದೆ. ಗೋಡೆಗೆ ಅಂಟು ಹಾಕಿ ಮರಳು ಮೆತ್ತಿದರೆ ನಮ್ಮ ಗೌಂಡಿಗಳು ಏನನ್ನುತ್ತಾರೆ? ಗಿಲಾವು. ಅದೂ ಹೊರಗಿಂದ ಬಂದದ್ದೇ, ಬಂದು ನಮ್ಮದಾಗಿದೆ.

ಕಾರವಾರದಿಂದ:
ಎಲ್ಲರಿಗೂ ನಮಸ್ಕಾರ. ‘ಕಲ್ಲುಗಟ್ಟಿದ’ ಆಗುವುದಿಲ್ಲ. ಕೊಳವೆ ಕಲ್ಲುಗಟ್ಟಿದೆ ಅಂದರೆ ಒಳಗೆ ಸುಣ್ಣ ಕಟ್ಟಿ ನೀರು ನಿಂತಿದೆ ಅಂತಲೇ ನಮ್ಮ ತೊಟ್ಟಿ ನೋಡಿಕೊಳ್ಳುವ ಹುಡುಗ ಓಡಿಬರುತ್ತಾನೆ, ಹಾಗೆ ಆದದ್ದೂ ಇದೆ. ವೇಷ ನನಗೂ ಇಷ್ಟವಾಯಿತು, ಆದರೆ ಪಾಚಿ ಹತ್ತಿದ ಮೇಲೆ ಅದು ಬರೀ ತೊಟ್ಟ ವೇಷವಲ್ಲ. ಪೇಂಟರಿಗೆ ಹೀಗೆ ಕೊಡುತ್ತಿದ್ದೇನೆ: ‘ಎಡಗಡೆಯ ಈ ಕಂಬ ಕಲ್ಲಲ್ಲ. ಮರಳಿನ ಗಿಲಾವು ಮಾಡಿದ ಕೋಡಿ ಪೈಪು.’

ಶಿರಸಿಯಿಂದ:
ಕೋಡಿ ಉಳಿಸಿದ್ದಕ್ಕೆ ಸಂತೋಷ. ‘ಪೈಪು’ ಈಗಲೂ ಒಪ್ಪಿಲ್ಲ.