ಅಪ್‌ಡೇಟ್: ಮುಚ್ಚಳಕ್ಕೆ ಹತ್ತುತ್ತಿದ್ದ ಎರೆಹುಳುಗಳು ಕೆಳಗಿಳಿದವು

ಬಾಲ್ಕನಿಯ ಗೊಬ್ಬರದ ಡಬ್ಬದಲ್ಲಿ ಎರೆಹುಳುಗಳೆಲ್ಲ ಮುಚ್ಚಳಕ್ಕೆ ಹತ್ತಿ ಕೂರುತ್ತಿವೆ, ಕೆಳಗೆ ಹುಳಿ ವಾಸನೆ, ಏನು ಮಾಡಲಿ ಅಂತ ಕೇಳಿದ್ದೆ ಅಲ್ವಾ? ನೀವು ಹೇಳಿದ ಹಾಗೇ ನೀರಿನದೇ ತೊಂದರೆ. ಕಲ್ಲಂಗಡಿ ಸಿಪ್ಪೆ, ಸೌತೆಕಾಯಿ ತಿರುಳು ಬಿಟ್ಟ ನೀರೆಲ್ಲ ತಳದಲ್ಲಿ ನಿಂತು ಗಾಳಿಯೇ ಆಡುತ್ತಿರಲಿಲ್ಲ, ಹುಳುಗಳು ಉಸಿರಾಡುವುದು ಚರ್ಮದಿಂದ ತಾನೆ, ಅದಕ್ಕೇ ಮೇಲೆ ಓಡಿ ಬರುತ್ತಿದ್ದವು. ತಳಕ್ಕೆ ಇನ್ನಷ್ಟು ತೂತು ಕೊರೆದು, ಒಣ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಹರಿದ ರಟ್ಟು ಬೆರೆಸಿದೆ. ಈಗ ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರುತ್ತದೆ, ಅಷ್ಟೇ. ವಾಸನೆಯೂ ಹೋಯಿತು.

ಸಗಣಿ ಹಾಕಿ ಅಂದವರಿಗೆ: ಹಾಕಿದ್ದೇನೆ, ಆದರೆ ಹಳೆಯದು. ಹಸಿ ಸಗಣಿ ಕೊಳೆಯುವಾಗ ಬಿಸಿಯಾಗುತ್ತದೆ, ಹುಳು ಸಾಯಬಹುದು.

ತೋಟದ ಮಣ್ಣಿನಿಂದ ಹುಳು ಹಿಡಿದು ತಂದು ಬಿಡಿ ಅನ್ನುವ ಸಲಹೆ ಮಾತ್ರ ನಾನು ಒಪ್ಪಲಿಲ್ಲ. ಅವುಗಳಲ್ಲಿ ಹೆಚ್ಚಿನವು ಮಣ್ಣಿನೊಳಗೇ ಬದುಕುವ ಜಾತಿ, ಡಬ್ಬದಲ್ಲಿ ಸುಮ್ನೆ ಸಾಯುತ್ತವೆ. ಅಡುಗೆಮನೆ ಕಸಕ್ಕೆ ಐಸೀನಿಯಾ ಫೆಟಿಡಾ ಅಥವಾ ಯೂಡ್ರಿಲಸ್ ಯೂಜೀನಿಯೇ ಜಾತಿಯ ಎರೆಹುಳುಗಳೇ ಸರಿ. ನನ್ನಲ್ಲಿರುವುದು ಎರಡನೆಯದು, ಆಫ್ರಿಕಾ ಮೂಲದ್ದು, ನಮ್ಮ ಸೆಖೆಗೆ ಚೆನ್ನಾಗಿಯೇ ಒಗ್ಗಿಕೊಂಡಿದೆ.

ಸಣ್ಣ ನೊಣ ಇನ್ನೂ ಇವೆ. ಕಸವನ್ನು ಮೇಲೆಯೇ ಬಿಡದೆ ಒಳಗೆ ಹೂತು, ಮೇಲೆ ಒಣ ಎಲೆ ಹೊದಿಸುತ್ತಿದ್ದೇನೆ, ಸ್ವಲ್ಪ ಕಮ್ಮಿಯಾಗಿವೆ.