ಮೀಥೇನ್‌ನಿಂದ ಬೆಂಜೀನ್: ನನ್ನ ಲೆಕ್ಕ 16% ತೋರಿಸ್ತಿದೆ, ಎಲ್ಲಿ ಎಡವಿದೀನಿ?

ಕ್ವಾರ್ಟ್ಸ್‌ಕೊಳವೆ: ಎಚ್‌ಝಡ್‌ಎಸ್‌ಎಂ-5 (ಸೂಕ್ಷ್ಮ ರಂಧ್ರಗಳಿರೋ ಒಂದು ಜಿಯೋಲೈಟ್) ಪುಡೀನ ಅಮೋನಿಯಂ ಹೆಪ್ಟಾಮೊಲಿಬ್ಡೇಟ್ ಅನ್ನೋ ಮೊಲಿಬ್ಡಿನಮ್ ಲವಣದ ದ್ರಾವಣದಲ್ಲಿ ನೆನೆಸಿ, ಒಣಗಿಸಿ, 500 ಡಿಗ್ರೀಲಿ ಸುಟ್ಟಿದೀನಿ. ಅರ್ಧ ಗ್ರಾಂ ಕ್ಯಾಟಲಿಸ್ಟ್, 700 ಡಿಗ್ರಿ, ಬರೀ ಮೀಥೇನ್. ಮೊದಲ ಅರ್ಧ ಗಂಟೆ ಬೆಂಜೀನ್ ಸುಳಿವೇ ಇಲ್ಲ, ನೀರು ಮತ್ತು ಕಾರ್ಬನ್ ಡೈಆಕ್ಸೈಡ್ ಬರುತ್ತೆ. ಆಮೇಲೆ ಬೆಂಜೀನ್ ಪೀಕ್ ಏಳುತ್ತೆ. ಜಿಸಿಯಲ್ಲಿ (ಅನಿಲಗಳನ್ನ ಬೇರ್ಪಡಿಸಿ ಅಳೆಯೋ ಗ್ಯಾಸ್ ಕ್ರೊಮ್ಯಾಟೊಗ್ರಾಫ್) ಮೀಥೇನ್ ಎಷ್ಟು ಇಳೀತು ಅಂತ ನೋಡಿದ್ರೆ ಪರಿವರ್ತನೆ ಹತ್ತಿರ ಹತ್ತಿರ 16%. ಆದ್ರೆ ಆ ತಾಪಕ್ಕೆ ಸಮತೋಲನದ ಮಿತೀನೇ (ಥರ್ಮೋಡೈನಾಮಿಕ್ಸ್ ಪ್ರಕಾರ ದಾಟೋಕಾಗದ ಗರಿಷ್ಠ) ಸುಮಾರು 12%! ಗೈಡ್ ನಕ್ಕು, "ಥರ್ಮೋಡೈನಾಮಿಕ್ಸ್‌ಗೇ ಟೋಪಿ ಹಾಕಿದ್ಯೇನಪ್ಪ?" ಅಂದ್ರು. ಬೆಂಜೀನ್‌ಗೆ ಹೋದದ್ದು ಕಳೆದ್ರೂ ಅರ್ಧದಷ್ಟು ಕಾರ್ಬನ್ ನಾಪತ್ತೆ.

ಹಳೇಬೂದಿ: ಅರ್ಧ ಗಂಟೆ ಬಗ್ಗೆ ತಲೆ ಕೆಡಿಸ್ಕೋಬೇಡಿ. ಲವಣ ಸುಟ್ಟಾಗ ಆದ ಮೊಲಿಬ್ಡಿನಮ್ ಆಕ್ಸೈಡನ್ನ ಮೀಥೇನ್ ಮೊದಲು ಕಾರ್ಬೈಡ್ ಮಾಡುತ್ತೆ, ಆ ಆಕ್ಸಿಜನ್ನೇ ನೀರಾಗಿ ಬರೋದು. 1993ರಲ್ಲಿ ಚೀನಾದ ಡಾಲಿಯನ್ ತಂಡ ಇದನ್ನ ಮೊದಲು ವರದಿ ಮಾಡಿದಾಗಿನಿಂದ ಎಲ್ಲರಿಗೂ ಇದೇ ಕಥೆ.

ಗ್ಯಾಸ್‌ಗಣಿತ: ನೈಟ್ರೋಜನ್ ಬೆರೆಸಿಲ್ಲ ಅಲ್ವಾ? ಅಲ್ಲೇ ಇರೋದು ಎಡವಟ್ಟು. ಆರು ಮೀಥೇನ್‌ಗೆ ಒಂದು ಬೆಂಜೀನ್, ಒಂಬತ್ತು ಹೈಡ್ರೋಜನ್: ಆರು ಒಳಗೆ ಹೋಗಿ ಹತ್ತು ಹೊರಗೆ ಬರುತ್ತೆ. 100 ಮೀಥೇನ್‌ನಲ್ಲಿ 10 ಖರ್ಚಾದ್ರೆ ಉಳಿದದ್ದು 90, ಆದ್ರೆ ಒಟ್ಟು ಅನಿಲ 106.7 ಆಗಿರುತ್ತೆ. ಜಿಸಿಗೆ ಕಾಣೋದು 84.4%. ನೀವು ಅದನ್ನ 100ರಿಂದ ಕಳೆದು 15.6 ಅಂದ್ಕೊಂಡಿದೀರ. ನಿಜಕ್ಕೂ ಆಗಿರೋದು 10. ಹೈಡ್ರೋಜನ್ ಹಾಲಿಗೆ ನೀರು ಬೆರೆಸಿದ ಹಾಗೆ ತೆಳು ಮಾಡ್ತಿದೆ, ಅಷ್ಟೆ. ನೈಟ್ರೋಜನ್ ಇಲ್ಲಿ ಕ್ರಿಯೆಗೆ ಇಳಿಯಲ್ಲ, ಗೊತ್ತಿರೋ ಪ್ರಮಾಣದಲ್ಲಿ ಬೆರೆಸಿ ಅದರ ಪೀಕ್ ಆಧಾರವಾಗಿ ಲೆಕ್ಕ ಹಾಕಿ.

ಇನ್ನು ನಾಪತ್ತೆಯಾದ ಕಾರ್ಬನ್. ರಿಯಾಕ್ಟರ್‌ನಿಂದ ಜಿಸಿವರೆಗಿನ ಪೈಪ್ ಬಿಸಿ ಇದೆಯಾ? ಇಲ್ಲದಿದ್ರೆ ಬೆಂಜೀನ್ ಜೊತೆ ಹುಟ್ಟೋ ನ್ಯಾಫ್ತಲೀನ್ ತಣ್ಣಗಾಗಿ ಅಲ್ಲೇ ಕೂತಿರುತ್ತೆ. ಕೊಳವೆ ತಣ್ಣಗಾದ ಮೇಲೆ ಬಿಚ್ಚಿ ನೋಡಿ, ಫ್ಯೂಮ್ ಹುಡ್ ಒಳಗೇ. ಮೂಗಿನಿಂದ ಪರೀಕ್ಷೆ ಮಾಡೋಕೆ ಹೋಗ್ಬೇಡಿ, ಜೊತೆಗಿರೋ ಬೆಂಜೀನ್ ಕ್ಯಾನ್ಸರ್‌ಕಾರಕ.

ಕ್ವಾರ್ಟ್ಸ್‌ಕೊಳವೆ: ಬಿಚ್ಚಿದೆ ಸಾರ್. ಕುಲುಮೆಯಿಂದ ಒಂದು ಗೇಣು ಆಚೆ, ಮೊದಲ ತಿರುವಿನಲ್ಲೇ ಬಿಳಿ ಹರಳು ಅಭ್ರಕದ ಹಾಗೆ ಮಿನುಗ್ತಿದ್ವು. ಮೂಗು ಹಾಕ್ಲಿಲ್ಲ, ಆದ್ರೂ ಬಟ್ಟೆ ಪೆಟ್ಟಿಗೆಯ ನುಸಿಗುಳಿಗೆ ವಾಸನೆ ಬಂದೇ ಬಂತು! ಕ್ಯಾಟಲಿಸ್ಟ್ ಕಡುಕಪ್ಪು. ಈಗ ಪೈಪ್‌ಗೆ ಹೀಟಿಂಗ್ ಟೇಪ್ ಸುತ್ತಿ 200ರ ಮೇಲೆ ಇಟ್ಟಿದೀನಿ, 5% ನೈಟ್ರೋಜನ್ ಬೆರೆಸ್ತಿದೀನಿ. ಇವತ್ತಿನ ರನ್ 9.4%.

ಹಳೇಬೂದಿ: ಹಾಗಾದ್ರೆ ಉಳಿದ ಕಾರ್ಬನ್ ಆ ಕರೀ ಪುಡಿಯಲ್ಲೇ ಇದೆ. ಗಾಳೀಲಿ ಸುಟ್ಟು, ಬರೋ ಕಾರ್ಬನ್ ಡೈಆಕ್ಸೈಡ್ ಅಳೀರಿ. ಆತುರಕ್ಕೆ ತಾಪ ಏರಿಸ್ಬೇಡಿ. ಮೊಲಿಬ್ಡಿನಮ್ ಆಕ್ಸೈಡ್ ಆವಿಯಾಗಿ ಹೋಗುತ್ತೆ, ಇಲ್ಲಾ ಜಿಯೋಲೈಟ್‌ನ ಅಲ್ಯೂಮಿನಿಯಮ್ಮನ್ನೇ ಕಿತ್ತು ಅಲ್ಯೂಮಿನಿಯಂ ಮೊಲಿಬ್ಡೇಟ್ ಆಗುತ್ತೆ. ನಾನು ಹಾಗೆ ಒಂದು ಬ್ಯಾಚ್ ಪೂರ್ತಿ ಕಳ್ಕೊಂಡಿದೀನಿ.

ಕ್ವಾರ್ಟ್ಸ್‌ಕೊಳವೆ: 550ಕ್ಕೆ ಇಟ್ಟಿದೀನಿ. ಗೈಡ್‌ಗೆ ಇನ್ನೂ ಹೇಳಿಲ್ಲ.