ಲಾಂಗ್-ಈಝಿ: ಮುಂದಿನ ಚಕ್ರ ಅರ್ಧಕ್ಕೇ ನಿಂತುಬಿಟ್ಟಿತು, ಕಾರಣ ಏನಿರಬಹುದು?

ಹಾಸನದ_ಹಕ್ಕಿ:
ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದಲ್ಲಿದ್ದೇನೆ, ಒಂದು ಲಾಂಗ್-ಈಝಿ (ಪ್ಲಾನ್ ನೋಡಿ ಮನೆಯಲ್ಲೇ ಕಟ್ಟುವ ಪುಟ್ಟ ವಿಮಾನ) ಇದೆ, ನಾನು ಕಟ್ಟಿದ್ದಲ್ಲ, ಕಟ್ಟಿದವರಿಂದ ಕೊಂಡದ್ದು. ಶನಿವಾರ ಇಳಿಯಲು ಬಂದಾಗ ಮುಂದಿನ ಚಕ್ರ ಹೊರಗೆ ಬಿಡುವ ಹಿಡಿ ತಿರುಗಿಸಿದೆ, ನಾಲ್ಕೈದು ಸುತ್ತಾದ ಮೇಲೆ ಬಿಗಿಯಾಗಿ ನಿಂತುಬಿಟ್ಟಿತು. ಕೆಳಗಿನ ಕಿಟಕಿಯಲ್ಲಿ ಬಗ್ಗಿ ನೋಡಿದರೆ ಚಕ್ರ ಅರ್ಧ ಮಾತ್ರ ಹೊರಗೆ. ಇಳಿಯುವುದು ಬಿಟ್ಟು ಮತ್ತೆ ಮೇಲೇರಿದೆ, ಪೂರ್ತಿ ಒಳಗೆ ಎಳೆದು ಮತ್ತೆ ಬಿಟ್ಟೆ, ಮೂರನೇ ಸಲಕ್ಕೆ ಬಂತು. ಏನೂ ಆಗಲಿಲ್ಲ, ಆದರೆ ಇಳಿದ ಮೇಲೂ ತುಂಬಾ ಹೊತ್ತು ಕೈ ನಡುಗುತ್ತಿತ್ತು.

ಹ್ಯಾಂಗರ್‌ನಲ್ಲಿ ಮೂತಿ ಎತ್ತಿಟ್ಟು ಹತ್ತು ಸಲ ತಿರುಗಿಸಿದೆ, ಸಲೀಸಾಗಿ ಬರುತ್ತದೆ! ಗೇರಿನ ಹಲ್ಲು ಸವೆದಿದೆಯಾ? ಅವತ್ತು ಬರದೇ ಇದ್ದಿದ್ದರೆ ಏನು ಮಾಡಬೇಕಿತ್ತು? ಈ ವಿಮಾನದ ಪ್ಲಾನ್ (ಕಟ್ಟುವ ನಕ್ಷೆ) ಮಾರಾಟ 1985ರಲ್ಲೇ ನಿಂತಿದೆ, ನಿಮ್ಮನ್ನೇ ಕೇಳಬೇಕು.

ಹಳೇ_ಕ್ಯಾನಾರ್ಡ್:
ಮೊದಲು ಎರಡನೇ ಪ್ರಶ್ನೆ, ಅದೇ ಮುಖ್ಯ. ಅರ್ಧ ಬಂದ ಚಕ್ರದ ಮೇಲೆ ಮಾತ್ರ ಇಳಿಯಬೇಡಿ ಸರ್. ಅದು ನೆಲಕ್ಕೆ ತಗುಲಿದ ತಕ್ಷಣ ಮಡಚಿಕೊಳ್ಳುತ್ತದೆ, ಜೊತೆಗೆ ಗೇರು, ಶಾಫ್ಟು ಎಲ್ಲಾ ಮುರಿಯುತ್ತದೆ. ಪೂರ್ತಿ ಹೊರಗೆ ಬರಲಿಲ್ಲವಾ, ಪೂರ್ತಿ ಒಳಗೆ ಎಳೆದುಕೊಳ್ಳಿ. ನಮ್ಮ ವಿಮಾನದಲ್ಲಿ ಹಿಂದಿನ ಎರಡು ಚಕ್ರ ಮಡಚುವುದೇ ಇಲ್ಲ, ಪ್ರೊಪೆಲ್ಲರ್ ಇರುವುದೂ ಹಿಂದೆ, ಮೂತಿ ಕೆಳಗೆ ಹೋದರೆ ಅದು ಇನ್ನಷ್ಟು ಮೇಲಕ್ಕೇ ಹೋಗುತ್ತದೆ. ಹಾಗಾಗಿ ಇಂಜಿನ್‌ಗೆ ಏಟಿಲ್ಲ, ಇಳಿಯುವ ಮೊದಲೇ ಅದನ್ನು ಆಫ್ ಮಾಡುವ ಸಾಹಸವೂ ಬೇಡ.

ಉದ್ದದ ಟಾರು ರನ್‌ವೇ ಆರಿಸಿಕೊಳ್ಳಿ. ಹುಲ್ಲು ಮೆತ್ತಗಿದೆ ಅನ್ನಿಸಬಹುದು, ಆದರೆ ಮೂತಿ ಅಲ್ಲಿ ಮಣ್ಣಿಗೆ ಕಚ್ಚಿಕೊಳ್ಳುತ್ತದೆ. ಹಿಂದಿನ ಚಕ್ರ ಮುಟ್ಟಿದ ಮೇಲೆ ಸ್ಟಿಕ್ ಹಿಂದಕ್ಕೆ ಎಳೆದು ಹಿಡಿದು, ಕ್ಯಾನಾರ್ಡ್ (ಮೂತಿಯ ಹತ್ತಿರದ ಪುಟ್ಟ ರೆಕ್ಕೆ) ತಾನಾಗಿ ಸೋಲುವವರೆಗೂ ಮೂತಿ ಎತ್ತಿಯೇ ಇಟ್ಟುಕೊಂಡು ಹೋಗಿ, ಅಲ್ಲಿಯವರೆಗೆ ಬ್ರೇಕ್ ಮುಟ್ಟಬೇಡಿ, ಮುಟ್ಟಿದರೆ ಮೂತಿ ಧಡ್ ಅಂತ ಬೀಳುತ್ತದೆ. ಕೊನೆಗೆ ಮೂತಿಯ ಕೆಳಗಿನ ರಬ್ಬರು, ಸ್ವಲ್ಪ ಫೈಬರ್‌ಗ್ಲಾಸ್ ಸವೆಯುತ್ತದೆ ಅಷ್ಟೇ. ನಿಲ್ಲಿಸಿದಾಗಲೂ ಇದು ಮೂತಿ ಊರಿಯೇ ಕೂರುವ ವಿಮಾನ ಅಲ್ವಾ. ಮತ್ತೆ ನೀವು ಮೇಲೇರಿದ ಮೇಲೆ ಒದ್ದಾಡಿದ್ದು ಬಹಳ ಒಳ್ಳೆಯದಾಯಿತು. ತಗ್ಗಿನಲ್ಲಿ ಕಿಟಕಿ ನೋಡುತ್ತಾ ಕೂತರೆ ವೇಗ ಕಳೆದುಕೊಳ್ಳುತ್ತೀರಿ, ನನಗೆ ನಿಜವಾದ ಭಯ ಅದೇ.

ಈಗ ಕಾರಣ. ಹಲ್ಲು ಸವೆದಿದ್ದರೆ ಹ್ಯಾಂಗರ್‌ನಲ್ಲೂ ಕಟ್ ಕಟ್ ಅಂತ ಜಾರಬೇಕಿತ್ತು. ಶಾಫ್ಟಿನ ಪಿನ್ ಮುರಿದಿದ್ದರೆ ಹಿಡಿ ಸುಮ್ನೆ ತಿರುಗುತ್ತಿತ್ತು. ನನ್ನ ಅನುಮಾನ ಬೇರೆ. ಆ ಚಕ್ರ ತಾನಾಗಿ ಎಡಕ್ಕೂ ಬಲಕ್ಕೂ ತಿರುಗುತ್ತದೆ, ಸೊಟ್ಟಗಾಗಿ ಒಳಗೆ ಹೋದರೆ ಗೂಡಿನ ಗೋಡೆಗೆ ಸಿಕ್ಕಿಕೊಳ್ಳುತ್ತದೆ. ಹ್ಯಾಂಗರ್‌ನಲ್ಲಿ ನೀವು ನೇರ ಇಟ್ಟು ನೋಡಿದ್ದೀರಿ. ಈಗ ಬೇಕೆಂದೇ ಸ್ವಲ್ಪ ಸೊಟ್ಟ ಮಾಡಿ ತಿರುಗಿಸಿ. ಟೇಕಾಫ್ ಆದ ಮೇಲೆ ಒಳಗೆ ಎಳೆಯುವಾಗಲೂ ಬಿಗಿ ಅನ್ನಿಸಿತ್ತಾ?

ಹಾಸನದ_ಹಕ್ಕಿ:
ಹೌದು ಸರ್, ಅನ್ನಿಸಿತ್ತು. ಜೋರಾಗಿ ತಿರುಗಿಸಿ ಒಳಗೆ ತಳ್ಳಿದ್ದೆ, ಅಲ್ಲೇ ನಿಲ್ಲಿಸಬೇಕಿತ್ತು. ಇವತ್ತು ಟಾರ್ಚ್ ಹಾಕಿ ನೋಡಿದೆ, ಗೂಡಿನ ಬಲಗೋಡೆಯಲ್ಲಿ ಟೈರಿನ ಕಪ್ಪು ಗೀರು ಇದೆ! ಸೊಟ್ಟ ಮಾಡಿ ತಿರುಗಿಸಿದರೆ ಅಲ್ಲಿಗೇ ಕಚ್ಚುತ್ತದೆ. ಚಕ್ರ ಹಿಡಿದಿರುವ ಫೋರ್ಕನ್ನು ಒಂದೇ ಬೆರಳಲ್ಲಿ ತಿರುಗಿಸಬಹುದು, ಬಿಗಿಯೇ ಇಲ್ಲ. ಇದನ್ನು ನಾನೇ ಬಿಗಿ ಮಾಡಬಹುದಾ ಅಥವಾ ಮೆಕ್ಯಾನಿಕ್ ಬೇಕಾ?

ಎಪಾಕ್ಸಿ_ಕೈ:
ನೀವೇ ಮಾಡಬಹುದು, ಇಂಥ ಮನೆಯಲ್ಲಿ ಕಟ್ಟಿದ (ಎಕ್ಸ್‌ಪೆರಿಮೆಂಟಲ್) ವಿಮಾನದಲ್ಲಿ ರಿಪೇರಿಗೆ ಅಡ್ಡಿಯಿಲ್ಲ. ವರ್ಷದ ಕಂಡೀಶನ್ ಇನ್‌ಸ್ಪೆಕ್ಷನ್‌ಗೆ ಮಾತ್ರ, ಅದಕ್ಕೆ ಸರ್ಟಿಫಿಕೇಟ್ ಇರುವವರ, ಉದಾಹರಣೆಗೆ ಎ ಆಂಡ್ ಪಿ (ಲೈಸೆನ್ಸ್ ಇರುವ ವಿಮಾನ) ಮೆಕ್ಯಾನಿಕ್‌ನ, ಸಹಿ ಬೇಕು. ಶಿಮ್ಮಿ ಡ್ಯಾಂಪರ್ (ಚಕ್ರ ಅದುರದಂತೆ ಬಿಗಿ ಹಿಡಿಯುವ ಭಾಗ) ಬಿಚ್ಚಿ, ಸವೆದ ವಾಷರ್ ಬದಲಿಸಿ, ಆಮೇಲೆ ಸ್ಪ್ರಿಂಗ್ ತಕ್ಕಡಿಯನ್ನು ಆ್ಯಕ್ಸಲ್‌ಗೆ ಸಿಕ್ಕಿಸಿ ಪಕ್ಕಕ್ಕೆ ಎಳೆದು ಪ್ಲಾನ್‌ನಲ್ಲಿ ಹೇಳಿದಷ್ಟು ಬಿಗಿ ಬರುವವರೆಗೆ ನಟ್ ತಿರುಗಿಸಿ, ಕೈ ಅಂದಾಜು ಬೇಡ. ಬಿಗಿ ಕಡಿಮೆಯಿದ್ದರೆ ಚಕ್ರ ನೆಲದಲ್ಲೂ ಗಡಗಡ ಅದುರುತ್ತದೆ, ಅದೇ ಚಕ್ರದ ಕಾಲು ಮುರಿಯುವುದಕ್ಕೆ ದಾರಿ. ಲಾಗ್‌ಬುಕ್‌ನಲ್ಲಿ ಬರೆದಿಡಿ.

ಹಾಸನದ_ಹಕ್ಕಿ:
ವಾಷರ್ ತೆಳ್ಳಗೆ ಎಲೆಯ ಹಾಗೆ ಆಗಿತ್ತು. ಹೊಸದು ಹಾಕಿ, ತಕ್ಕಡಿಯಲ್ಲಿ ನೋಡಿ ಬಿಗಿ ಮಾಡಿದೆ. ಇವತ್ತು ಎತ್ತರಕ್ಕೆ ಹೋಗಿ ಆರು ಸಲ ಒಳಗೆ ಹೊರಗೆ ಮಾಡಿದೆ, ಒಂದು ಸಲವೂ ಸಿಕ್ಕಿಕೊಳ್ಳಲಿಲ್ಲ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.